ಪಕ್ಕದ್ದಕ್ಕಿಂತ

ಬಳ್ಳಾರಿಯ ಮೆಡಿಕಲ್ ಕಾಲೇಜಿನಲ್ಲಿ ಹದಿನಾಲ್ಕು ವರ್ಷದಿಂದ
ನಾನು ಪರದೆ ಇಳಿಸುವವನು, ದೀಪ ಆರಿಸುವವನು.
ಶಾಂಭವಿ ಮೇಡಂ ಪಾಠಕ್ಕೆ ನಿಂತರೆ
ಕೊನೆಯ ಬೆಂಚಿನ ಹಿಂದೆ, ಸ್ವಿಚ್ಚಿನ ಬುಡದಲ್ಲಿ ನನ್ನ ಸ್ಟೂಲು.
ಹುಡುಗರು ಬರೆದುಕೊಳ್ಳುತ್ತಾರೆ, ಮರೆಯುತ್ತಾರೆ.
ನಾನು ಬರೆದುಕೊಳ್ಳುವುದಿಲ್ಲ.

ಎಲ್ಲೋ ಒಂದು ದೇಶದಲ್ಲಿ, ಕೋತಿಯ ಹಿಂದಲೆಯೊಳಕ್ಕೆ
ಕೂದಲಿಗಿಂತ ಸಣ್ಣ ತಂತಿ ಇಳಿಸಿದರಂತೆ,
ಒಂದೇ ಒಂದು ಜೀವಕೋಶದ ಮಗ್ಗುಲಿಗೆ.
ಕೆಂಪು ಚುಕ್ಕಿ, ಸುತ್ತ ಬೂದು: ಒಂದೆರಡು ಸಿಡಿತ.
ಕೆಂಪು ಚುಕ್ಕಿ, ಸುತ್ತ ಹಸಿರು:
ಕಾದ ಎಣ್ಣೆಗೆ ಸಾಸಿವೆ ಬಿದ್ದ ಸದ್ದು.
ಆ ಸದ್ದನ್ನು ಸ್ಪೀಕರಿನಲ್ಲಿ ಕೇಳಿಸುತ್ತಾರೆ. ಹಾಕುವವನು ನಾನೇ.
ಗೋಡೆಗೆ ಗೋಡೆಯೇ ಕೆಂಪಾದರೆ ಆ ಕೋಶ ತೆಪ್ಪಗೆ.
"ಅದಕ್ಕೆ ಕೆಂಪು ಗೊತ್ತಿಲ್ಲ," ಅನ್ನುತ್ತಾರೆ ಮೇಡಂ,
"ಪಕ್ಕದ್ದಕ್ಕಿಂತ ಎಷ್ಟು ಕೆಂಪು, ಅಷ್ಟೇ ಗೊತ್ತು."

ಮೊದಲ ಸಲ ಕೇಳಿದ ದಿನ ನನಗೆ ನಗು ಬಂದಿತ್ತು.
ಇದು ದುರುಗಮ್ಮನ ಮಾತು.

ದುರುಗಮ್ಮ ನನ್ನ ಹೆಂಡತಿ.
ಕೌಲ್ ಬಜಾರಿನ ಜೀನ್ಸ್ ಯೂನಿಟ್ಟಿನಲ್ಲಿ ಶೇಡು ನೋಡುವವಳು.
ಕತ್ತರಿಸಿದ ಕಾಲು, ಸೊಂಟಪಟ್ಟಿ, ಜೇಬು,
ಬೇರೆ ಬೇರೆ ಥಾನಿನವಾದರೂ ಒಂದೇ ನೀಲಿ ಕಾಣುವಂತೆ
ಜೋಡಿಸಿ ಗಂಟು ಕಟ್ಟುವವಳು.
ಬರೀ ಒಂದು ತುಂಡು ಕೊಟ್ಟು ಇದು ಯಾವ ನೀಲಿ ಅಂದರೆ
ಬೈಯುತ್ತಾಳೆ: "ಒಂದಕ್ಕ ಏನ್ ಬಣ್ಣ ಇರತೈತಿ?
ಇನ್ನೊಂದ್ ತಾ, ಮಗ್ಗಲಾಗಿಡು, ಆಮ್ಯಾಲೆ ಕೇಳು."

ಕಣ್ಣೊಳಗೆ ಮೂರು ಜಾತಿಯ ಶಂಕುಗಳು. ಒಂದಕ್ಕೂ ಬಣ್ಣ ಕಾಣುವುದಿಲ್ಲ,
ಮಂಡಿಯ ಹಮಾಲರು ಚೀಲ ಎಣಿಸಿದಂತೆ
ಬಿದ್ದ ಬೆಳಕನ್ನು ಎಣಿಸುತ್ತವೆ.
ಒಳಗೆ ಕೂತವರು ಒಬ್ಬನ ಲೆಕ್ಕದಲ್ಲಿ ಇನ್ನೊಬ್ಬನದು ಕಳೆಯುತ್ತಾರೆ:
ಕೆಂಪಿನಲ್ಲಿ ಹಸಿರು, ನೀಲಿಯಲ್ಲಿ ಹಳದಿ.
ಹಿಂದಲೆಗೆ ಮುಟ್ಟುವುದು ಉಳಿಕೆ ಮಾತ್ರ.
ಅಲ್ಲಿಂದ ಮುಂದೆ ಒಂದು ಜಾಗ,
"ನಾಲ್ಕನೇ ಮನೆ" ಎಂದು ಮೇಡಂ ಕೋಲು ಇಡುವಲ್ಲಿ,
ಇಡೀ ನೋಟದ ಉಳಿಕೆ ತೂಗಿ ನೋಡಿ
ಬೆಳಕಿನ ಪಾಲನ್ನೇ ಹೊಡೆದುಹಾಕುತ್ತಾರೆ.
ಹಾಗಾಗಿ ಮುಂಜಾನೆಗೂ ಇಳಿಹೊತ್ತಿಗೂ
ಊರ ನಡುವಿನ ಗುಡ್ಡ ಅದೇ ಗುಡ್ಡ.

ಹೋದ ವರ್ಷ ಯೂನಿಟ್ಟಿಗೆ ಹೊಸ ದೀಪ ಬಂದವು,
ಕರೆಂಟು ಉಳಿಯುತ್ತದೆಂದು.
ಅವುಗಳ ಕೆಳಗೆ ದುರುಗಮ್ಮ ಮೊದಲ ಸಲ ತಪ್ಪಿದಳು.
ಇನ್ನೂರ ಹನ್ನೆರಡು ಪ್ಯಾಂಟು ಸೊಲ್ಲಾಪುರದಿಂದ ವಾಪಸ್.
ಒಳಗೆ ಎರಡು ಕಾಲೂ ಒಂದೇ;
ಬಿಸಿಲಿಗೆ ತಂದರೆ ಒಂದು ನೀಲಿ, ಇನ್ನೊಂದು ಮಸಿ.
ಎಂಟು ದಿನದ ಪಗಾರ ಹಿಡಿದರು.
ಅಂದು ರಾತ್ರಿ ಪಾತ್ರೆಗಳು ಜೋರಾಗಿ ತೊಳೆಯಲ್ಪಟ್ಟವು.

ಹೇಳಿ ನೋಡಿದೆ: ನಿನ್ನ ಕಣ್ಣಿನ ತಪ್ಪಲ್ಲ ಕಣೆ,
ಆ ದೀಪದಡಿ ಎರಡು ಬಣ್ಣ ಒಂದೇ ಮೊತ್ತ ಕಳಿಸಿದವು.
ಮೂರು ಹಮಾಲರೂ ಒಂದೇ ಲೆಕ್ಕ ಒಪ್ಪಿಸಿದರೆ
ಒಳಗಿನವರು ಏನು ಮಾಡಿಯಾರು?
"ಹಂಗಂತ ರಿಯಾಜ್ ಸಾಹೇಬ್ರಿಗೆ ಹೇಳೋಗು," ಅಂದಳು.
ಹೋಗಲಿಲ್ಲ ನಾನು. ಸ್ಟೂಲಿನವನ ಮಾತು ಯಾರಿಗೆ ಬೇಕು.

ಈಗ ಪ್ರತಿ ಗಂಟನ್ನೂ ಹೊಸ್ತಿಲಿಗೆ ಹೊರುತ್ತಾಳೆ.
ಹೊತ್ತು ಹಾಳು ಅಂತ ಸಾಹೇಬರ ಗೊಣಗು.
ಅರ್ಧ ಮೈ ಬಿಸಿಲಿಗೆ, ಅರ್ಧ ನೆರಳಿಗೆ ಕೊಟ್ಟು ಕೂತು
ತುಂಡಿನ ಮೇಲೆ ತುಂಡು ಹಾಸುತ್ತಾಳೆ.
ತಗಡಿನ ಮೇಲಿಂದ ಗುಡ್ಡದ ಕೋತಿಯೊಂದು ಬಗ್ಗಿ ನೋಡುತ್ತದೆ,
ಎದುರಿನ ಆಲಕ್ಕೆ ಹಾರಿ, ಎಲೆ ಸರಿಸಿ,
ಕಾಯಿ ಬಿಟ್ಟು ಹಣ್ಣನ್ನೇ ಕೀಳುತ್ತದೆ.
ಅದರ ತಲೆಯೊಳಗಿನ ಸಾಸಿವೆ
ಸ್ಪೀಕರಿಲ್ಲದೆ ಸಿಡಿದಿರಬೇಕು.

ವಾಪಸ್ ಬಂದದ್ದರಲ್ಲಿ ಒಂದನ್ನು ನಾನು ತೊಟ್ಟೆ.
ಕಾಲೇಜಿನ ವರಾಂಡದಲ್ಲಿ ಹುಡುಗರು ಕಿಸಕ್ಕೆಂದರು.
ಪಾಠಕ್ಕೆ ದೀಪ ಆರಿಸಿದೆ;
ಕತ್ತಲಲ್ಲಿ ಎರಡು ಕಾಲೂ ರಾಜಿಯಾದವು.

ಸಂಜೆ ಬಾಗಿಲಲ್ಲೇ ನಿಲ್ಲಿಸಿ ಕೇಳಿದಳು:
"ಎಡಗಾಲಿನ ರಂಗು ಹೆಂಗೈತಿ, ಹೇಳು."
ಬಗ್ಗಿ ನೋಡಿದೆ.
"ಬಲಗಾಲಿಗಿಂತ..." ಅಂತ ಶುರುಮಾಡಿದೆ.
ಅಷ್ಟಕ್ಕೇ ಸಾಕು ಅಂದಳು, ಒಳಗೆ ಬಾ.